ಕಿಟೆಲ್: ಲೆಕ್ಕಕ್ಕೆ ಸಿಗದ ಗೆಲುವು

ನಮ್ಮ ತಂಬ್ರಹಳ್ಳಿಯ ಕಡೆ ಬಳಕೆಯಲ್ಲಿದ್ದು ಪಟ್ಟಣದವರಿಗೆ ಅಪರಿಚಿತವಾದ ಪದವೊಂದರ ಮೂಲವನ್ನು ಹುಡುಕಬೇಕಾದಾಗ ನಾನು ಮೊದಲು ತೆರೆಯುವುದು ಫರ್ಡಿನೆಂಡ್ ಕಿಟೆಲರ ನಿಘಂಟನ್ನು. ಆಗೆಲ್ಲ ಒಂದು ಪ್ರಶ್ನೆ ಕಾಡುತ್ತದೆ: ಸುವಾರ್ತೆ ಸಾರಲು ಬಂದ ಈ ಪಾದ್ರಿಯ ಬದುಕನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಕಿಟೆಲ್ 1832ರಲ್ಲಿ ಉತ್ತರ ಜರ್ಮನಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಕನ್ನಡನಾಡಿಗೆ ಬಂದು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದರು. ಜನರ ಮನಸ್ಸನ್ನು ಮುಟ್ಟಬೇಕಾದವನು ಅವರ ನುಡಿಯನ್ನೂ ಕಾವ್ಯವನ್ನೂ ಬಲ್ಲವನಾಗಿರಬೇಕೆಂದು ನಂಬಿದ ಅವರು 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಈ ನೆಲದ ಛಂದಸ್ಸಿಗೆ ಅಳವಡಿಸಿದರು. ಮುಂದೆ ಕೇಶಿರಾಜನ ‘ಶಬ್ದಮಣಿದರ್ಪಣ’ (1872), ನಾಗವರ್ಮನ ‘ಛಂದೋಂಬುಧಿ’ (1875) ಅವರ ಸಂಪಾದನೆಯಲ್ಲಿ ಅಚ್ಚಾದವು. ಮತಾಂತರದ ಸಂಖ್ಯೆಯನ್ನೇ ಫಲವೆಂದು ಎಣಿಸುವವರಿಗೆ ಇವು ದಾರಿ ತಪ್ಪಿದ ದುಡಿಮೆಯಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ನಿಘಂಟಿನ ಹಾದಿಯಲ್ಲಿ ಕಿಟೆಲ್ ಮೊದಲಿಗರಲ್ಲ. ನಮ್ಮ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲೇ ಹೊರಬಂದಿತ್ತು. ಆದರೆ ಹಳಗನ್ನಡ ಕಾವ್ಯದಿಂದ ಹಳ್ಳಿಯ ಗಾದೆಯವರೆಗೆ ಎಲ್ಲವನ್ನೂ ಒಂದೆಡೆ ತರುವ ಭಾರವನ್ನು ಹೊತ್ತವರು ಕಿಟೆಲ್. 1877ರಲ್ಲಿ ಜರ್ಮನಿಗೆ ಮರಳಿದವರು ಈ ಕೆಲಸಕ್ಕಾಗಿಯೇ 1883ರಲ್ಲಿ ಮತ್ತೆ ಬಂದರು. ದೃಷ್ಟಿ ಕುಂದಿತು, ದೇಹ ಬಳಲಿತು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದಾಗ ಅವರು ಇಲ್ಲಿರಲಿಲ್ಲ. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಅದೇ ಊರಿನಲ್ಲಿ 1903ರಲ್ಲಿ ಅವರು ತೀರಿಕೊಂಡರು.

ಅದೇ ಮಿಷನ್ನಿಗೆ ಲೌಕಿಕ ಯಶಸ್ಸೂ ಧಾರಾಳವಾಗಿತ್ತು. 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ, ನೇಯ್ಗೆಯ ಉದ್ಯಮ, ದೂರದೇಶಗಳಿಗೂ ಹಬ್ಬಿದ ವ್ಯಾಪಾರ, ಇವೆಲ್ಲ ಅದರ ಹೆಮ್ಮೆಯಾಗಿದ್ದವು. ಮೊದಲ ಮಹಾಯುದ್ಧ ಬಂತು. ಬ್ರಿಟಿಷ್ ಸರ್ಕಾರ ಆ ಉದ್ಯಮಗಳನ್ನು ವಶಪಡಿಸಿಕೊಂಡಿತು. ದಶಕಗಳ ಗಳಿಕೆ ಕೆಲವೇ ವರ್ಷಗಳಲ್ಲಿ ಪರರ ಪಾಲಾಯಿತು. ಲಾಭದ ಪುಸ್ತಕದಲ್ಲಿ ಎಂದೂ ಕಾಣಿಸಿಕೊಳ್ಳದ ನಿಘಂಟನ್ನು ಮಾತ್ರ ಯಾರೂ ಜಪ್ತಿ ಮಾಡಲಾಗಲಿಲ್ಲ.

ಲೋಕದ ಸಂಪತ್ತು ನಿಲ್ಲದೆಂಬುದು ಕ್ರೈಸ್ತ ಶ್ರದ್ಧೆಯ ಮೂಲಪಾಠಗಳಲ್ಲಿ ಒಂದು. ಹಾಗೆಂದು ಲೋಕದ ಕೆಲಸವೇ ವ್ಯರ್ಥವೆಂದು ಕಿಟೆಲ್ ಭಾವಿಸಲಿಲ್ಲ. ಪರರ ನುಡಿಯ ಒಂದೊಂದು ಪದಕ್ಕೂ ಕಣ್ಣಿನ ಬೆಳಕನ್ನು ತೆತ್ತರು. ಅವರ ಧರ್ಮವನ್ನು ಒಪ್ಪದ ಲಕ್ಷಾಂತರ ಕನ್ನಡಿಗರು ಇಂದು ಅವರ ಹೆಸರನ್ನು ಗೌರವದಿಂದ ನೆನೆಯುತ್ತಾರೆ. ವರ್ಷಕ್ಕೊಮ್ಮೆ ಸಾಧನೆಯ ಅಂಕಿ ಅಂಶ ಕೇಳುವ ನಮ್ಮ ಮಠ, ಚರ್ಚು, ವಿಶ್ವವಿದ್ಯಾಲಯಗಳಲ್ಲಿ, ನಾಲ್ಕು ದಶಕ ಕಾದು ಫಲ ಕೊಡುವ ಇಂಥವರೊಬ್ಬರಿಗೆ ಇಂದು ಜಾಗ ಸಿಕ್ಕೀತೇ?