ಕೊಳದ ದಡದಲ್ಲಿ ಥೋರೋ

ಕಾಡಿನಂಚಿನಲ್ಲಿ ಗುಡಿಸಲು ಹಾಕಿಕೊಂಡು ಇರುವುದು ನಮ್ಮ ಕಡೆಯ ಜನಕ್ಕೆ ಹೊಸ ಸಂಗತಿಯೇನೂ ಅಲ್ಲ. ನಮ್ಮ ತಾತ ಬೆಳೆ ಕಾಯುವುದಕ್ಕಾಗಿ ವರ್ಷದಲ್ಲಿ ಮೂರು ತಿಂಗಳು ಹೊಲದ ಅಟ್ಟಣೆಯ ಮೇಲೆಯೇ ಮಲಗುತ್ತಿದ್ದರಂತೆ. ಅದನ್ನು ಯಾರೂ ಪುಸ್ತಕ ಮಾಡಲಿಲ್ಲ. ಆದುದರಿಂದ, ಅಮೆರಿಕದ ಪದವೀಧರನೊಬ್ಬನು ಕೆರೆಯ ಪಕ್ಕದ ಪೈನ್ ಕಾಡಿನಲ್ಲಿ ಎರಡು ವರ್ಷ ವಾಸವಾಗಿದ್ದು ಲೋಕವಿಖ್ಯಾತನಾದನೆಂದು ನಮ್ಮ ಇಂಗ್ಲಿಷ್ ಅಧ್ಯಾಪಕರು ತರಗತಿಯಲ್ಲಿ ಹೇಳಿದಾಗ, ನನಗೆ ಮೆಚ್ಚಿಕೆಗಿಂತ ಮೊದಲು ಸ್ವಲ್ಪ ನಗುವೇ ಬಂದಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಗುಡಿಸಲಿನಿಂದ ಹೊರಗೆ ಬರಲೆಂದು ನನ್ನನ್ನು ಓದಿಸುತ್ತಿದ್ದಾರೆ. ಇವನೋ ಓದು ಮುಗಿಸಿ ಗುಡಿಸಲಿಗೆ ಹೋದನು! ಇದರ ಮರ್ಮವನ್ನು ತಿಳಿಯಬೇಕೆಂದು ಕಳೆದ ಬೇಸಗೆಯ ರಜೆಯಲ್ಲಿ ಅವನ ವಿಷಯವಾಗಿ ದೊರೆತದ್ದನ್ನೆಲ್ಲ ಓದಿದೆ. ಆ ಓದಿನ ಫಲವೇ ಈ ಲೇಖನ.

ಹೆನ್ರಿ ಡೇವಿಡ್ ಥೋರೋ ಹುಟ್ಟಿದ್ದು 1817ನೆಯ ಜುಲೈ 12ರಂದು, ಮ್ಯಾಸಚೂಸೆಟ್ಸ್ ಪ್ರಾಂತದ ಕಾನ್‌ಕಾರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಪೆನ್ಸಿಲ್ ತಯಾರಿಸುವವನು. ಮಗನು ಹಾರ್ವರ್ಡಿನಲ್ಲಿ ಓದಿ 1837ರಲ್ಲಿ ಪದವಿ ಪಡೆದು ಊರಿಗೆ ಹಿಂದಿರುಗಿ ಶಾಲೆಯ ಉಪಾಧ್ಯಾಯನಾದನು. ಮಕ್ಕಳಿಗೆ ಬೆತ್ತದ ರುಚಿ ತೋರಿಸಬೇಕೆಂದು ಮೇಲಿನವರು ಒತ್ತಾಯಪಡಿಸಿದಾಗ, ಒಂದು ದಿನ ಕೆಲವರಿಗೆ ಹೊಡೆದು ಅಂದೇ ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಆ ಕೆಲಸ ನಡೆದದ್ದು ಎರಡೇ ವಾರ. ಬಳಿಕ ಅಣ್ಣ ಜಾನ್‌ನೊಡನೆ ಸೇರಿ ತಾನೇ ಒಂದು ಶಾಲೆಯನ್ನು ನಡೆಸಿದನು. ಬಿಡುವಿನಲ್ಲಿ ತಂದೆಯ ಕಾರ್ಖಾನೆಯಲ್ಲಿ ಗ್ರಾಫೈಟಿಗೆ ಜೇಡಿಮಣ್ಣನ್ನು ಬೆರೆಸಿ ಒಳ್ಳೆಯ ಪೆನ್ಸಿಲ್ ಮಾಡುವ ಬಗೆಯನ್ನೂ ಸಾಧಿಸಿದನು. ಅವನನ್ನು ಕೈಲಾಗದ ಕನಸುಗಾರನೆಂದು ತಿಳಿಯುವವರು ಈ ಪೆನ್ಸಿಲನ್ನು ಮರೆಯಬಾರದು.

1839ರ ಆಗಸ್ಟ್ ಕೊನೆಯಲ್ಲಿ ಅಣ್ಣತಮ್ಮಂದಿರಿಬ್ಬರೂ ತಾವೇ ಕಟ್ಟಿದ ದೋಣಿಯಲ್ಲಿ ಆಲೂಗಡ್ಡೆ, ಕರಬೂಜಗಳನ್ನು ತುಂಬಿಕೊಂಡು ಕಾನ್‌ಕಾರ್ಡ್ ಮತ್ತು ಮೆರಿಮ್ಯಾಕ್ ನದಿಗಳಲ್ಲಿ ಪ್ರವಾಸ ಹೊರಟರು. ರಾತ್ರಿ ದಡದಲ್ಲಿ ಗುಡಾರ ಹೂಡುವುದು, ಬೆಳಗಾದರೆ ಮುಂದೆ ಸಾಗುವುದು. ಎರಡು ವಾರದಲ್ಲಿ ಮನೆಗೆ ಬಂದರು. ಎರಡು ವರ್ಷ ಕಳೆದ ಮೇಲೆ, 1842ರ ಜನವರಿಯಲ್ಲಿ, ಜಾನ್ ಕ್ಷೌರದ ಕತ್ತಿಯನ್ನು ಮಸೆಯುವಾಗ ಬೆರಳಿಗೆ ಸಣ್ಣ ಗಾಯ ಮಾಡಿಕೊಂಡನು. ಅದಕ್ಕೆ ಧನುರ್ವಾಯು ತಗುಲಿ ತಮ್ಮನ ತೋಳಿನಲ್ಲಿಯೇ ಪ್ರಾಣಬಿಟ್ಟನು. ಥೋರೋವಿಗೂ ಕೆಲವು ದಿನ ಅದೇ ರೋಗದ ಲಕ್ಷಣಗಳು ಕಾಣಿಸಿಕೊಂಡವಂತೆ, ಮೈಯಲ್ಲಿ ಗಾಯವೇ ಇಲ್ಲದಿದ್ದರೂ! ಅಣ್ಣನೊಡನೆ ಮಾಡಿದ ಆ ಪ್ರವಾಸವನ್ನು ಪುಸ್ತಕವಾಗಿ ಬರೆಯಬೇಕೆಂಬುದು ಅವನ ಮನಸ್ಸಿನಲ್ಲಿ ನಾಟಿತು. ಅವನು ಕೊಳದ ದಡಕ್ಕೆ ಹೋದದ್ದಕ್ಕೆ ವೈರಾಗ್ಯವೇ ಕಾರಣವೆಂದು ಬಹುಮಂದಿ ಎಣಿಸುತ್ತಾರೆ. ತೀರಿಹೋದ ಅಣ್ಣನ ಪುಸ್ತಕವನ್ನು ಬರೆದು ಮುಗಿಸಲು ಒಂದು ನಿಶ್ಶಬ್ದವಾದ ಕೋಣೆ ಬೇಕಾಗಿತ್ತೆಂಬುದೂ ಅಷ್ಟೇ ನಿಜ.

ಆದರೆ ಅದಕ್ಕೂ ಮೊದಲು ಒಂದು ಅನಾಹುತ ನಡೆಯಿತು. ಇದನ್ನು ಓದಿದ ಮೇಲೆಯೇ ನನಗೆ ಈ ಮನುಷ್ಯನು ಹತ್ತಿರದವನಾದನು.

1844ನೆಯ ಏಪ್ರಿಲ್ 30. ಎಡ್ವರ್ಡ್ ಹೋರ್ ಎಂಬ ಗೆಳೆಯನೊಡನೆ ಥೋರೋ ದೋಣಿಯಲ್ಲಿ ಹೊರಟಿದ್ದನು. ನದಿಯ ಮೂಲದವರೆಗೆ ಹೋಗಿ ಅಲ್ಲಲ್ಲಿ ತಂಗುವುದು ಅವರ ಉದ್ದೇಶ. ಫೇರ್ ಹೇವನ್ ಎಂಬಲ್ಲಿ ನದಿ ಅಗಲವಾಗಿ ಹರಡಿ ಕೆರೆಯಂತೆ ಕಾಣುತ್ತದೆ. ಅಲ್ಲಿ ಹಿಡಿದ ಮೀನನ್ನು ಬೇಯಿಸಲು, ದಡದ ಒಂದು ಪೈನ್ ಬೊಡ್ಡೆಯಲ್ಲಿ ಬೆಂಕಿ ಹಾಕಿದರು. ಆ ವಸಂತದಲ್ಲಿ ಮಳೆ ಬಿದ್ದಿರಲಿಲ್ಲ. ಕಿಡಿ ಒಣಹುಲ್ಲಿಗೆ ಹತ್ತಿತು. ಕೈಕಾಲುಗಳಿಂದ ಬಡಿದರು, ಹಲಗೆಯಿಂದ ಬಡಿದರು. ಬೆಂಕಿ ದಿಣ್ಣೆಯನ್ನೇರಿ ಕಾಡಿಗೆ ನುಗ್ಗಿತು. ಗೆಳೆಯನು ದೋಣಿಯಲ್ಲಿ ಊರಿಗೆ ಧಾವಿಸಿದನು. ಥೋರೋ ಕಾಡಿನೊಳಗೆ ಓಡಿ ಜನರನ್ನು ಕೂಗಿದನು. ಮೊದಲು ಸಿಕ್ಕ ರೈತನು, ಅದು ತನಗೆ ಸಂಬಂಧಿಸಿದ್ದಲ್ಲವೆಂದು ಹೊರಟುಹೋದನು. ಕೊನೆಗೆ ದಣಿದ ಥೋರೋ ಒಂದು ಬಂಡೆಯನ್ನೇರಿ, ತಾನು ಹಚ್ಚಿದ ಬೆಂಕಿ ಕಾಡನ್ನು ತಿನ್ನುವುದನ್ನು ನೋಡುತ್ತ ಕುಳಿತನು. ಊರವರು ಬಂದ ಮೇಲೆ ಅವರೊಡನೆ ಸೇರಿ ಆರಿಸಿದನು. ಅಷ್ಟರಲ್ಲಿ 300 ಎಕರೆಗೂ ಮಿಕ್ಕಿ ಸುಟ್ಟಿತ್ತು. ಹೋರನ ತಂದೆ ಊರಿನ ದೊಡ್ಡ ಮನುಷ್ಯನಾದುದರಿಂದ ಮೊಕದ್ದಮೆಯಾಗಲಿಲ್ಲವೆಂದು ಹೇಳುತ್ತಾರೆ. ಆದರೆ ಕಾಡು ಸುಟ್ಟವನೆಂಬ ಮಾತು ಬಹಳ ವರ್ಷ ಅವನ ಬೆನ್ನು ಬಿಡಲಿಲ್ಲ. ದಿನವೂ ದಿನಚರಿ ಬರೆಯುತ್ತಿದ್ದ ಈ ಮನುಷ್ಯನು ಆ ಘಟನೆಯನ್ನು ವಿವರವಾಗಿ ಬರೆದದ್ದು ಆರು ವರ್ಷಗಳ ಬಳಿಕ, 1850ರಲ್ಲಿ. ಆಗಲೂ ತಪ್ಪೊಪ್ಪಿಗೆಗಿಂತ ಸಮರ್ಥನೆಯೇ ಹೆಚ್ಚು. ಸಿಡಿಲು ಬಡಿದರೂ ಕಾಡು ಸುಡುತ್ತಿರಲಿಲ್ಲವೇ ಎಂಬ ರೀತಿಯ ವಾದ.

ಈ ವಾದವನ್ನು ನಾನು ಚೆನ್ನಾಗಿ ಬಲ್ಲೆ. ನನಗೆ ಹನ್ನೊಂದು ವರ್ಷವಾಗಿದ್ದಾಗ ಕುರಿ ಕಾಯುತ್ತ ಅವರೆಕಾಯಿ ಸುಡಲು ಹಾಕಿದ ಬೆಂಕಿಯಿಂದ ನೆರೆಯ ಹೊಲದವರ ಹುಲ್ಲಿನ ಬಣವೆ ಉರಿದುಹೋಯಿತು. ದಾರಿಹೋಕರ ಬೀಡಿಯಿಂದ ಹತ್ತಿತೆಂದು ಊರೇ ತೀರ್ಮಾನಿಸಿತು. ನಾನು ಬಾಯಿ ಬಿಡಲಿಲ್ಲ. ಆ ವರ್ಷ ಅವರು ಮೇವಿಲ್ಲದೆ ಜೋಡೆತ್ತಿನಲ್ಲಿ ಒಂದನ್ನು ಮಾರಿದರು. ಥೋರೋವಿನ ಆರು ವರ್ಷದ ಮೌನವನ್ನು ಹಳಿಯಲು ನನಗೆ ಅಧಿಕಾರವಿಲ್ಲ; ನನ್ನದು ಒಂಬತ್ತನೆಯ ವರ್ಷದಲ್ಲಿ ನಡೆಯುತ್ತಿದೆ.

ಇನ್ನು ಗುಡಿಸಲಿನ ಸಂಗತಿ. 1845ರ ಮಾರ್ಚ್ ಕೊನೆಯಲ್ಲಿ ಥೋರೋ ಒಂದು ಕೊಡಲಿಯನ್ನು ಎರವಲು ಪಡೆದು ವಾಲ್ಡನ್ ಕೊಳದ ದಡಕ್ಕೆ ಹೋದನು. ಊರಿನಿಂದ ಒಂದೂವರೆ ಮೈಲಿ. ಜಾಗ ಅವನ ಹಿರಿಯ ಮಿತ್ರ, ತತ್ತ್ವಜ್ಞಾನಿ ಎಮರ್ಸನ್ನನದು. ನೆಟ್ಟಗೆ ಬೆಳೆದ ಎಳೆಯ ಬಿಳಿ ಪೈನ್ ಮರಗಳನ್ನು ಕಡಿದು ತೊಲೆ, ಕಂಬಗಳನ್ನು ಕೆತ್ತಿದನು. ಪೈನ್ ಅಂಟು ಕೈಗೆ ಹತ್ತಿ, ತಿನ್ನುವ ರೊಟ್ಟಿಗೂ ಅದರ ವಾಸನೆ ಬರುತ್ತಿತ್ತಂತೆ. ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯದಿನದಂದು, ಒಳಹೊಕ್ಕನು. ಗುಡಿಸಲು 10 ಅಡಿ ಅಗಲ, 15 ಅಡಿ ಉದ್ದ. ಒಂದು ಮಂಚ, ಒಂದು ಮೇಜು, ಮೂರು ಕುರ್ಚಿ. ಒಟ್ಟು ಖರ್ಚು 28 ಡಾಲರು 12½ ಸೆಂಟು. ಸೀಮೆಸುಣ್ಣಕ್ಕೆ ಒಂದು ಸೆಂಟು, ಅಗುಳಿಗೆ ಹತ್ತು ಸೆಂಟು, ಹಳೆಯ ಇಟ್ಟಿಗೆ ಸಾವಿರಕ್ಕೆ ನಾಲ್ಕು ಡಾಲರು ಎಂದು ಪೈಸೆ ಬಿಡದೆ ಲೆಕ್ಕವಿಟ್ಟಿದ್ದಾನೆ. ಹಾರ್ವರ್ಡಿನಲ್ಲಿ ವಿದ್ಯಾರ್ಥಿಯ ಒಂದು ಕೋಣೆಗೆ ವರ್ಷಕ್ಕೆ 30 ಡಾಲರು ಬಾಡಿಗೆಯೆಂದೂ, ಒಂದು ವರ್ಷದ ಬಾಡಿಗೆಗಿಂತ ಕಡಿಮೆಯಲ್ಲಿ ತನಗೆ ಆಯುಷ್ಯಪೂರ್ತಿ ಮನೆಯಾಯಿತೆಂದೂ ತೋರಿಸಿದ್ದಾನೆ. ವಿದ್ಯಾರ್ಥಿನಿಲಯದ ಮಿತ್ರರು ಇದನ್ನು ಗಮನಿಸಬೇಕು.

ಈ ಲೆಕ್ಕಪಟ್ಟಿಯಲ್ಲಿ ಒಂದು ಬಾಬು ನನ್ನನ್ನು ಬಹಳ ಕಾಡಿತು. ಹಲಗೆಗಳಿಗಾಗಿ ಅವನು ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಜೋಪಡಿಯನ್ನು 4 ಡಾಲರು 25 ಸೆಂಟಿಗೆ ಕೊಂಡನು. ಆಗ ತಾನೆ ಕೊಳದ ಪಕ್ಕದಲ್ಲಿ ಹಾಸಿದ್ದ ರೈಲುದಾರಿಗೆ ದುಡಿದವನು ಆ ಕಾಲಿನ್ಸ್. ಸಂಜೆ ಹಣ ಸಂದಾಯವಾಯಿತು. ಬೆಳಗಿನ ಆರು ಗಂಟೆಗೆ ಥೋರೋ ಬರುವಾಗ ಆ ಸಂಸಾರ ದಾರಿಯಲ್ಲಿ ಎದುರಾಯಿತು. ಹಾಸಿಗೆ, ಕಾಫಿ ಅರೆಯುವ ಯಂತ್ರ, ಕನ್ನಡಿ, ಕೋಳಿಗಳು, ಎಲ್ಲವೂ ಒಂದೇ ಗಂಟಿನಲ್ಲಿ. ಬೆಕ್ಕು ಮಾತ್ರ ಕಾಡಿಗೆ ಓಡಿತು. ಮುಂದೆ ಯಾವುದೋ ಬೋನಿಗೆ ಸಿಕ್ಕಿ ಸತ್ತಿತು. ಆ ಗಂಟು ಹೊತ್ತವರು ಎಲ್ಲಿಗೆ ಹೋದರು? ಬೆಕ್ಕಿನ ಗತಿಯನ್ನು ಹೇಳಿದ ಥೋರೋ ಇದನ್ನು ಹೇಳುವುದಿಲ್ಲ. ಅವನು ಹಲಗೆಗಳನ್ನು ಬಿಚ್ಚಿ ಹುಲ್ಲಿನ ಮೇಲೆ ಬಿಸಿಲಿಗೆ ಹರಡಿದನು. ಒಬ್ಬನ ಗುಡಿಸಲು ಪ್ರಯೋಗ, ಇನ್ನೊಬ್ಬನದು ಹಣೆಬರಹ. ಎರಡಕ್ಕೂ ಹಲಗೆ ಮಾತ್ರ ಒಂದೇ.

ಹಾಗೆಂದು ಅವನು ಬಡವರನ್ನು ಕಾಣಲಿಲ್ಲವೆಂದರೆ ಅನ್ಯಾಯವಾದೀತು. ತನಗಿಂತ ಮುಂಚೆ ಆ ಕಾಡಿನಲ್ಲಿ ಇದ್ದವರನ್ನು ಕುರಿತು ಅವನೇ ಬರೆದಿದ್ದಾನೆ. ಗುಲಾಮನಾಗಿದ್ದ ಕೇಟೋ ಇಂಗ್ರಹಾಮ್, ನೂಲು ನೂತು ಬದುಕಿದ ಜಿಲ್ಫಾ ಎಂಬ ಕರಿಯ ಹೆಂಗಸು, ಬ್ರಿಸ್ಟರ್ ಫ್ರೀಮನ್, ಇವರೆಲ್ಲ ಊರಿನಲ್ಲಿ ಜಾಗವಿಲ್ಲದೆ ಕಾಡಿಗೆ ಬಂದವರು. ಅವರ ಮನೆಗಳ ಜಾಗದಲ್ಲಿ ಥೋರೋವಿನ ಕಾಲಕ್ಕೆ ಉಳಿದದ್ದು ಹಳ್ಳಬಿದ್ದ ನೆಲ, ಬ್ರಿಸ್ಟರ್ ನೆಟ್ಟ ಸೇಬಿನ ಮರಗಳು.

ಅವನು ಎರಡೂವರೆ ಎಕರೆಯಲ್ಲಿ ಮುಖ್ಯವಾಗಿ ಹುರುಳಿಕಾಯಿ ಬೆಳೆದನು. ಸಾಲುಗಳನ್ನೆಲ್ಲ ಕೂಡಿಸಿದರೆ ಏಳು ಮೈಲಿ. ಮೊದಲ ವರ್ಷ ಆ ಬೆಳೆಯಿಂದ ಕೈಗೆ ಉಳಿದದ್ದು 8 ಡಾಲರು 71½ ಸೆಂಟು. ಈ ಅಂಕಿಯನ್ನು ನಮ್ಮ ತಂದೆಗೆ ಹೇಳಿದಾಗ, ಬೇಸಾಯ ಎಲ್ಲ ಕಡೆಯೂ ಹೀಗೇ ಎಂದು ತಲೆಯಾಡಿಸಿದರು. ನಮ್ಮ ತಾಯಿ ಕೇಳಿದ್ದು ಬೇರೆ. ಅವನಿಗೆ ತಾಯಿ ಇರಲಿಲ್ಲವೇ, ಇದ್ದರೆ ಊಟಕ್ಕೆ ಕರೆಯಲಿಲ್ಲವೇ ಎಂದರು. ಕರೆದಳು, ಇವನು ಹೋಗುತ್ತಲೂ ಇದ್ದನು. ಈ ಕಾರಣದಿಂದ ಅವನನ್ನು ಕಪಟಿಯೆಂದು ಜರೆಯುವವರಿದ್ದಾರೆ. ತಾಯಿಯ ಮನೆಯಲ್ಲಿ ಉಂಡದ್ದು ಕಪಟವಾದರೆ ನಾವೆಲ್ಲರೂ ಕಪಟಿಗಳೇ.

1846ರಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ತೂತು ಕೊರೆದು, ನೂಲಿಗೆ ಕಲ್ಲು ಕಟ್ಟಿ ಇಳಿಬಿಟ್ಟು, ಕೊಳಕ್ಕೆ ತಳವೇ ಇಲ್ಲವೆಂಬ ಊರವರ ನಂಬಿಕೆಯನ್ನು ಸುಳ್ಳುಮಾಡಿದನು. ಆಳ 102 ಅಡಿ. ಅದೇ ವರ್ಷದ ಕೊನೆಯ ಚಳಿಗಾಲದಲ್ಲಿ ನೂರು ಮಂದಿ ಐರಿಷ್ ಕೂಲಿಗಳು ಬಂದು ಕೊಳದ ಮಂಜುಗಡ್ಡೆಯನ್ನು ಕೊಯ್ದು ರಾಶಿ ಹಾಕಿದರು. ಬಾಸ್ಟನ್ನಿನ ವರ್ತಕರು 1833ರಿಂದಲೇ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆ ಕಳುಹಿಸುತ್ತಿದ್ದರು. ಮದರಾಸಿನ ಸಮುದ್ರತೀರದಲ್ಲಿ ಅದಕ್ಕಾಗಿ ಕಟ್ಟಿದ ಐಸ್ ಹೌಸ್ ಇಂದಿಗೂ ವಿವೇಕಾನಂದರ ಹೆಸರಿನಲ್ಲಿ ನಿಂತಿದೆ. ಬೆಳಗಿನಲ್ಲಿ ಭಗವದ್ಗೀತೆಯ ಇಂಗ್ಲಿಷ್ ಅನುವಾದವನ್ನು ಓದುತ್ತಿದ್ದ ಥೋರೋ, ತನ್ನ ಕೊಳದ ನೀರನ್ನು ಮದರಾಸಿನವರೂ ಕಲ್ಕತ್ತೆಯವರೂ ಕುಡಿಯುವರೆಂದು ಕಲ್ಪಿಸಿಕೊಂಡು ಸಂತೋಷಪಟ್ಟನು. ವಾಸ್ತವವಾಗಿ ಆ ರಾಶಿಯ ಬಹುಭಾಗ ಅಲ್ಲಿಯೇ ಕರಗಿ ಕೊಳಕ್ಕೆ ಹಿಂದಿರುಗಿತು.

1846ರ ಜುಲೈನಲ್ಲಿ ಹೊಲಿಯಲು ಕೊಟ್ಟಿದ್ದ ಪಾದರಕ್ಷೆಯನ್ನು ತರಲು ಊರಿಗೆ ಹೋದಾಗ, ತಲೆಗಂದಾಯ ಕಟ್ಟಲಿಲ್ಲವೆಂದು ಅವನನ್ನು ಸೆರೆಗೆ ಹಾಕಿದರು. ಗುಲಾಮಗಿರಿಯನ್ನು ಸಾಕುವ ಸರ್ಕಾರಕ್ಕೆ ಕಂದಾಯ ಕೊಡೆನೆಂಬುದು ಅವನ ಹಟ. ಯಾರೋ ಮನೆಯವರು ಹಣ ಕಟ್ಟಿದ್ದರಿಂದ ಸೆರೆವಾಸ ಒಂದೇ ರಾತ್ರಿಗೆ ಮುಗಿಯಿತು. ಬಿಡುಗಡೆಯಾದವನು ಪಾದರಕ್ಷೆ ಮೆಟ್ಟಿಕೊಂಡು ಕಾಡಿನ ಹಣ್ಣು ಕೀಳಲು ಹೋದನು. ಈ ವಿಷಯವಾಗಿ ಅವನು 1849ರಲ್ಲಿ ಅಚ್ಚುಮಾಡಿಸಿದ ಪ್ರಬಂಧವನ್ನು ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ ಓದಿ, 1907ರಲ್ಲಿ ತಮ್ಮ ಪತ್ರಿಕೆಯಲ್ಲಿ ಪರಿಚಯಿಸಿದರೆಂಬುದು ಎಲ್ಲರಿಗೂ ತಿಳಿದದ್ದೇ.

1847ರ ಸೆಪ್ಟೆಂಬರ್ 6ರಂದು ಗುಡಿಸಲನ್ನು ಬಿಟ್ಟನು. ಅಣ್ಣನ ಪುಸ್ತಕ 1849ರಲ್ಲಿ ಸಾವಿರ ಪ್ರತಿ ಅಚ್ಚಾಯಿತು. ನಾಲ್ಕು ವರ್ಷದ ಬಳಿಕ ಮಾರಾಟವಾಗದ 706 ಪ್ರತಿಗಳನ್ನು ಪ್ರಕಾಶಕನು ಹಿಂದಕ್ಕೆ ಕಳುಹಿಸಿದನು. ಥೋರೋ ಅವನ್ನು ತಾನೇ ಹೊತ್ತು ಅಟ್ಟದ ಮೇಲೆ ಪೇರಿಸಿದನು. ವಾಲ್ಡನ್ ಪುಸ್ತಕ ಬಂದದ್ದು 1854ರಲ್ಲಿ, ಏಳು ಸಲ ತಿದ್ದಿ ಬರೆದ ಮೇಲೆ. ಹೊಟ್ಟೆಪಾಡಿಗೆ ಜಮೀನು ಅಳೆಯುವ ಕೆಲಸ, ಪೆನ್ಸಿಲ್ ಕೆಲಸ. ಓಡಿಬಂದ ಗುಲಾಮರನ್ನು ಮನೆಯಲ್ಲಿ ಅಡಗಿಸಿ ಕೆನಡಾದ ರೈಲು ಹತ್ತಿಸುವುದೂ ಇತ್ತು.

ಕಾಡಿನಲ್ಲಿ ತಂಗುವ ಹವ್ಯಾಸ ಬಿಡಲಿಲ್ಲ. 1857ರಲ್ಲಿ ಮೇನ್ ಪ್ರಾಂತದ ಸರೋವರಗಳಿಗೆ ಹೋದನು. ಜೊತೆಗೆ ಅದೇ ಎಡ್ವರ್ಡ್ ಹೋರ್! ದಾರಿ ತೋರಿಸಿದವನು ಜೋ ಪೋಲಿಸ್ ಎಂಬ ಪೆನಾಬ್‌ಸ್ಕಾಟ್ ಮೂಲನಿವಾಸಿ. ರಾತ್ರಿ ಮರದ ಹಸಿ ರೆಂಬೆಗಳನ್ನು ಹಾಸಿ ಮಲಗುತ್ತಿದ್ದರು. ಒಂದು ಸಂಜೆ ಹೋರ್ ಕಾಡಿನಲ್ಲಿ ದಾರಿ ತಪ್ಪಿದನು. ಬೆಳಗಾಗುವ ತನಕ ಥೋರೋವಿಗೆ ನೆಮ್ಮದಿ ಇರಲಿಲ್ಲ. ಮರುವರ್ಷ ವೈಟ್ ಪರ್ವತಗಳಲ್ಲಿ ಇವರೊಡನಿದ್ದ ಆಳು ಎಚ್ಚರಿಕೆಯಿಲ್ಲದೆ ಹಾಕಿದ ಬೆಂಕಿ ಮತ್ತೆ ಗಿಡಗಳಿಗೆ ಹಬ್ಬಿತು. ಹದಿನಾಲ್ಕು ವರ್ಷದ ಹಿಂದಿನದು ಆ ಇಬ್ಬರಿಗೂ ಆಗ ನೆನಪಾಗದೆ ಇದ್ದೀತೆ?

1859ರ ಏಪ್ರಿಲ್. ತನ್ನ ಹಳೆಯ ಹುರುಳಿಕಾಯಿ ಹೊಲದ ಹತ್ತಿರ, ಎಮರ್ಸನ್ನನ ನೆಲದಲ್ಲಿ, ಇಬ್ಬರು ಆಳು, ಒಂದು ಕುದುರೆಗಾಡಿಯೊಡನೆ ಥೋರೋ ಎರಡೂವರೆ ದಿನ ದುಡಿದನು. ಹದಿನೈದು ಅಡಿಗೊಂದರಂತೆ ಎರಡು ಎಕರೆಯಲ್ಲಿ ನಾನೂರು ಪೈನ್ ಸಸಿಗಳನ್ನು ನೆಟ್ಟನು. ಸುಟ್ಟ ಕಾಡಿಗೆ ಪ್ರಾಯಶ್ಚಿತ್ತವೆಂದು ಅವನು ಎಲ್ಲಿಯೂ ಹೇಳಿದಂತೆ ನಾನು ಓದಿಲ್ಲ. ಮರುವರ್ಷ ಡಿಸೆಂಬರಿನ ಚಳಿಯಲ್ಲಿ ಮರದ ಬೊಡ್ಡೆಗಳ ಉಂಗುರಗಳನ್ನು ಎಣಿಸುತ್ತಿದ್ದಾಗ ಹತ್ತಿದ ನೆಗಡಿ ಕ್ಷಯವನ್ನು ಕೆರಳಿಸಿತು. 1862ರ ಮೇ 6ರಂದು ತೀರಿಕೊಂಡಾಗ ಅವನಿಗೆ ನಲವತ್ತನಾಲ್ಕು ವರ್ಷ.

ಗುಡಿಸಲಿನ ಒಲೆಯ ತಳಹದಿ 1945ರಲ್ಲಿ ಅಗೆದಾಗ ದೊರೆಯಿತು. ಆ ಜಾಗದ ಸುತ್ತ ಕಲ್ಲು ನಿಲ್ಲಿಸಿದ್ದಾರೆ. ವಾಲ್ಡನ್ ಈಗ ಸರ್ಕಾರದ ರಕ್ಷಣೆಯಲ್ಲಿದೆ. ಜನ ಬಂದು ಈಜಬಹುದು, ನಡೆದಾಡಬಹುದು. ರಾತ್ರಿ ತಂಗುವುದಕ್ಕೆ ಮಾತ್ರ ಅಪ್ಪಣೆಯಿಲ್ಲ, ಬೆಂಕಿ ಹಾಕುವುದಕ್ಕೂ ಇಲ್ಲ.

ಬಣವೆಯ ಮನೆಯವರು ಈ ಸಂಚಿಕೆಯನ್ನು ಓದುವವರಲ್ಲ. ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ನಾನೇ ಹೋಗಿ ಹೇಳಬೇಕಾಗಿದೆ.