ಪ್ರೊಫೆಸರ್ ಎಲ್. ರಾಮರಾಯರು

ನಮ್ಮ ನಾಡಿನ ಭೂವಿಜ್ಞಾನಿಗಳೆಂದೊಡನೆ ಕೋಲಾರದ ಚಿನ್ನ, ಕೆಮ್ಮಣ್ಣುಗುಂಡಿಯ ಕಬ್ಬಿಣ, ಕುಂಸಿಯ ಮ್ಯಾಂಗನೀಸುಗಳು ನೆನಪಿಗೆ ಬರುತ್ತವೆ. ಆದರೆ ಪೇಟೆಯಲ್ಲಿ ಬೆಲೆಯೇ ಇಲ್ಲದ, ಸಾಸಿವೆ ಕಾಳಿಗಿಂತಲೂ ಸಣ್ಣ ಅವಶೇಷಗಳಲ್ಲಿ ಭೂಮಿಯ ಕಾಲಗಣನೆಯನ್ನು ಹುಡುಕಿದ ಒಬ್ಬ ಅಧ್ಯಾಪಕರಿದ್ದರು. ಅವರೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಎಲ್. ರಾಮರಾಯರು. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿದ್ದ ಬಿ. ರಾಮರಾಯರು ಬೇರೆ, ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಬ್ಬರೆಂದು ತಿಳಿಯಬಾರದು.

ರಾಮರಾಯರು ಹುಟ್ಟಿದ್ದು 1896ರಲ್ಲಿ. ಭೂವಿಜ್ಞಾನದ ಬೋಧನೆಯೇ ಅವರ ವೃತ್ತಿ. ಅವರು ಆರಿಸಿಕೊಂಡ ಸಂಶೋಧನೆಯ ವಿಷಯವಾದರೋ ಹಳೆಯ ಮೈಸೂರು ಸೀಮೆಯ ಅಧ್ಯಾಪಕರೊಬ್ಬರಿಗೆ ಸುಲಭವಾಗಿ ಒದಗುವಂಥದಲ್ಲ. ನನ್ನ ಊರಾದ ಆಯನೂರಿನ ಸುತ್ತಣ ಶಿಲೆಗಳನ್ನೇ ನೋಡಿ. ಇವು ಧಾರವಾಡ ಶಿಲಾಸಮೂಹಕ್ಕೆ ಸೇರಿದವು. 250 ಕೋಟಿ ವರ್ಷಗಳಿಗೂ ಹಿಂದಿನವು. ಆಗ ಚಿಪ್ಪುಳ್ಳ ಪ್ರಾಣಿಯೇ ಭೂಮಿಯ ಮೇಲಿರಲಿಲ್ಲ. ನೆರೆಯ ಕುಂಸಿಯ ಸುಣ್ಣಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ಎಂಬ ರಚನೆಗಳು ದೊರೆತಿವೆ. ಅಲ್ಲಿ ನೀರಿತ್ತು, ಜೀವವಿತ್ತು ಎಂಬುದನ್ನು ಅವು ಹೇಳುತ್ತವೆ. ಆದರೆ ಅಂಥ ರಚನೆಗಳು ಬಹು ದೀರ್ಘಕಾಲ ಹೆಚ್ಚು ಮಾರ್ಪಾಡಿಲ್ಲದೆ ಮುಂದುವರಿದುದರಿಂದ ಕಾಲವನ್ನು ನಿಖರವಾಗಿ ಹೇಳಲಾರವು.

ಕಾಲವನ್ನು ಹೇಳಬೇಕಾದರೆ ಬೇಗಬೇಗ ರೂಪ ಬದಲಿಸುವ, ದೂರದೂರ ಹರಡುವ ಜೀವಿ ಬೇಕು. ಸಮುದ್ರದ ಫೊರಮಿನಿಫೆರಾಗಳು ಅಂಥವು. ಅವು ಏಕಕೋಶಜೀವಿಗಳು, ಸುಣ್ಣದ ಪುಟ್ಟ ಕವಚವನ್ನು ಕಟ್ಟಿಕೊಳ್ಳುವಂಥವು ಬಹಳ. ಸತ್ತ ಮೇಲೆ ಕವಚ ಕಡಲ ತಳದ ಕೆಸರಿನಲ್ಲಿ ಹೂತುಹೋಗಿ, ಕೆಸರಿನೊಡನೆ ಕಲ್ಲಾಗುತ್ತದೆ. ಒಂದು ಜಾತಿ ಹುಟ್ಟಿ ಅಳಿದ ಅವಧಿ ಅಲ್ಪವಾಗಿದ್ದರೆ, ಆ ಜಾತಿ ಕಂಡ ಎರಡು ಸ್ತರಗಳು, ನಡುವೆ ಸಾವಿರ ಮೈಲಿಯಿದ್ದರೂ, ಸಮಕಾಲೀನವೆನ್ನಬಹುದು. ಎಣ್ಣೆಬಾವಿ ಕೊರೆಯುವಾಗ ದೊಡ್ಡ ಚಿಪ್ಪು ಪುಡಿಯಾಗುತ್ತದೆ. ಈ ಸಣ್ಣವು ಉಳಿಯುತ್ತವೆ. ಪೆಟ್ರೋಲಿಯಂ ಶೋಧಕರಿಗೆ ಇವು ಬೇಕಾದದ್ದು ಅದಕ್ಕಾಗಿ.

ತಮ್ಮ ಸೀಮೆಯಲ್ಲಿಲ್ಲದ ಈ ಸಾಮಗ್ರಿಯನ್ನು ರಾಮರಾಯರು ನೆರೆನಾಡಿನಲ್ಲಿ ಅರಸಿದರು. ಆಗಿನ ತಿರುಚಿರಾಪಳ್ಳಿ ಜಿಲ್ಲೆಯ, ಇಂದಿನ ಅರಿಯಲೂರು ಜಿಲ್ಲೆಯ, ನಿನಿಯೂರಿನ ಸುಣ್ಣಶಿಲೆಯನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಅದರಲ್ಲಿದ್ದ ಸುಣ್ಣದ ಪಾಚಿಗಳ ಅವಶೇಷಗಳನ್ನು ಕುರಿತು ವಿಯೆನ್ನಾದ ಜೂಲಿಯಸ್ ಪಿಯಾರೊಡನೆ ಅವರು ಬರೆದ ಗ್ರಂಥ 1936ರಲ್ಲಿ ಹೊರಬಂತು.

ಇದಕ್ಕಿಂತ ದೊಡ್ಡ ವಿವಾದ ಡೆಕ್ಕನ್ ಟ್ರ್ಯಾಪಿನದು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಹಾಸಿರುವ ಕರಿಕಲ್ಲಿನ ಲಾವಾ ಹರಿದದ್ದು ಯಾವಾಗ? ಕ್ರಿಟೇಷಸ್ ಯುಗದಲ್ಲೆಂಬುದು ಹಳೆಯ ಅಭಿಪ್ರಾಯ. ತೃತೀಯ ಯುಗದಲ್ಲೆಂದು ಬೀರಬಲ್ ಸಾಹ್ನಿಯವರು ವಾದಿಸಿದರು. ಲಾವಾಕ್ಕೆ ತನ್ನದೇ ಆದ ಪಳೆಯುಳಿಕೆಯಿಲ್ಲ. ಆದರೆ ಗೋದಾವರಿ ತೀರದ ರಾಜಮಹೇಂದ್ರಿಯ ಬಳಿ ಎರಡು ಲಾವಾ ಹಾಸುಗಳ ನಡುವೆ ಸಮುದ್ರ ಒಳನುಗ್ಗಿದ ಕುರುಹಾಗಿ ಒಂದು ತೆಳು ಸುಣ್ಣಶಿಲಾಸ್ತರವುಂಟು. ಅಲ್ಲಿಯ ದೊಡ್ಡ ಚಿಪ್ಪುಗಳು ಹತ್ತೊಂಬತ್ತನೆಯ ಶತಮಾನದಲ್ಲೇ ತಿಳಿದಿದ್ದರೂ ವಾದ ಮುಗಿದಿರಲಿಲ್ಲ. 1930ರ ದಶಕದಲ್ಲಿ ರಾಮರಾಯರೂ ಅವರ ಸಂಗಡಿಗರಾದ ಎಸ್. ಆರ್. ನಾರಾಯಣರಾವ್ ಮತ್ತು ಕೆ. ಶ್ರೀಪಾದರಾವ್ ಅವರೂ ಅದೇ ಸ್ತರದ ಫೊರಮಿನಿಫೆರಾಗಳನ್ನೂ ಪಾಚಿಗಳನ್ನೂ ಪರಿಶೀಲಿಸಿ, ಅದು ತೃತೀಯ ಯುಗದ ಆದಿಭಾಗದ್ದೆಂದು ತೋರಿಸಿದರು.

ಈ ನಿರ್ಣಯ ಮುಂದೆ ಎಷ್ಟು ನಿಂತಿತು? ಲಾವಾಪ್ರವಾಹ ಕ್ರಿಟೇಷಸ್ ಯುಗದ ಕೊನೆಯಲ್ಲೇ ಮೊದಲಾಗಿ, 6.6 ಕೋಟಿ ವರ್ಷಗಳ ಹಿಂದಿನ ಯುಗಸಂಧಿಯನ್ನು ದಾಟಿ ಮುಂದುವರಿಯಿತೆಂದು ಈಗ ತಿಳಿದಿದೆ. ಎಂದ ಮೇಲೆ ವಾದಿಗಳಿಬ್ಬರಲ್ಲೂ ಒಂದೊಂದು ಪಾಲು ಸತ್ಯವಿತ್ತು. ರಾಜಮಹೇಂದ್ರಿಯ ಸ್ತರ ಮಾತ್ರ ಸಂಧಿಯ ಈಚೆಯದೇ. 2008ರಲ್ಲಿ ಗೆರ್ಟಾ ಕೆಲ್ಲರ್ ಮತ್ತು ಸಂಗಡಿಗರು ಅಲ್ಲಿಯ ತೇಲುವ ಫೊರಮಿನಿಫೆರಾಗಳಿಂದ ಅದನ್ನು ಆ ಯುಗದ ತೀರ ಮೊದಲಿಗೆ ಸೇರಿಸಿದರು. ಡೈನೋಸಾರ್‌ಗಳ ಅಳಿವಿಗೂ ಲಾವಾಕ್ಕೂ ಏನು ಸಂಬಂಧವೆಂದು ಕೇಳುವವರು ಇಂದಿಗೂ ಈ ತೆಳು ಸ್ತರಕ್ಕೆ ಬರಲೇಬೇಕು.

ರಾಮರಾಯರು 1934ರಲ್ಲೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಫೆಲೋ ಆದರು. 1958ರಲ್ಲಿ ಬೆಂಗಳೂರಿನಲ್ಲಿ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಯಾದಾಗ ಅದರ ಪತ್ರಿಕೆಗೆ ಮೊದಲ ಸಂಪಾದಕರಾದರು. ಅವರ ಕಾಲಾನಂತರ, 1996ರ ಜನ್ಮಶತಾಬ್ದಿಗೆ ಸೊಸೈಟಿ ಅರ್ಪಿಸಿದ ಸಂಪುಟದ ವಿಷಯವೂ ಕ್ರಿಟೇಷಸ್ ಯುಗದ ಸ್ತರಗಳೇ; ಅದು ಉಚಿತವಾದ ಗೌರವ.

ಸಹಪಾಠಿಗಳೇ, ತಮ್ಮ ಸೀಮೆಯ ಕಲ್ಲಿನಲ್ಲಿ ಇಲ್ಲದ್ದನ್ನು ಹಳಿಯುತ್ತ ಕೂರದೆ, ಪಾಠ ಹೇಳುವ ಕಾಲೇಜನ್ನೇ ಸಂಶೋಧನೆಯ ನೆಲೆಯಾಗಿ ಮಾಡಿಕೊಂಡವರು ಅವರು. ಕೈಗೆ ಬಂದ ಕಲ್ಲನ್ನು ಎಸೆಯುವ ಮೊದಲು ಇನ್ನೊಮ್ಮೆ ನೋಡುವ ತಾಳ್ಮೆ ನಮಗೂ ಬಂದರೆ, ಅವರ ಜೀವನವನ್ನು ಓದಿದ್ದು ಸಾರ್ಥಕ.