ಹೆದೆಗೆ ಮೇಣ, ಆಯುಧಕ್ಕೆ ಪೂಜೆ

ಮಕ್ಕಳೇ, ಮಹಾನವಮಿಯ ದಿನ ಬೆಂಗಳೂರಿನ ಚಂದ್ರಾ ಲೇಔಟಿನ ಬೀದಿಗಳಲ್ಲಿ ಆಯುಧಪೂಜೆ ಹೇಗೆ ನಡೆಯುತ್ತದೆ ಎಂಬುದನ್ನು ನಿಮ್ಮಲ್ಲಿ ಅನೇಕರು ವಿಡಿಯೊ ಕಾಲ್‌ನಲ್ಲಿ ನೋಡಿರುತ್ತೀರಿ. ಬೈಕು, ಆಟೊ, ಗ್ಯಾರೇಜಿನ ಸ್ಪ್ಯಾನರು ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ರಸ್ತೆಯ ಮೇಲೆ ಒಡೆದ ಬೂದುಗುಂಬಳಕಾಯಿ. ಫೋಟೊಗಳಲ್ಲಿ ಕಾಣುವುದು ಇಷ್ಟೇ. ಅದಕ್ಕೂ ಮುಂಚೆ ಗಾಡಿ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಸಾಮಾನುಗಳ ಜಿಡ್ಡು ಒರೆಸಿ, ತುಕ್ಕು ಉಜ್ಜಿ ಸಾಲಾಗಿ ಜೋಡಿಸಿದ ಕೆಲಸವನ್ನು ಯಾರೂ ಫೋಟೊ ತೆಗೆಯುವುದಿಲ್ಲ. ಆಯುಧಪೂಜೆಯ ಜೀವ ಇರುವುದು ಆ ಕೆಲಸದಲ್ಲೇ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಬೇಕಾದರೆ ಈ ಹಬ್ಬದ ಮೊದಲ ಆಯುಧವಾದ ಬಿಲ್ಲನ್ನು, ಅದರಲ್ಲೂ ಎಲ್ಲಕ್ಕಿಂತ ಬೇಗ ಸವೆಯುವ ಅದರ ಹೆದೆಯನ್ನು ನೋಡಬೇಕು.

ವಿಜಯದಶಮಿಗೆ ಬನ್ನಿ ಎಲೆ ಹಂಚುವುದೇಕೆ, ಮೈಸೂರಿನ ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗುವುದೇಕೆ ಎಂದು ಕೇಳಿದರೆ ಹಿರಿಯರು ಪಾಂಡವರ ಕಥೆ ಹೇಳುತ್ತಾರೆ. ಅಜ್ಞಾತವಾಸಕ್ಕೆ ವಿರಾಟನಗರ ಹೊಗುವ ಮುನ್ನ ಅವರು ಆಯುಧಗಳನ್ನು ಬನ್ನಿಮರದಲ್ಲಿ ಅಡಗಿಸಿಟ್ಟರು. ಜನ ಹತ್ತಿರ ಬರದಿರಲೆಂದು ಮರಕ್ಕೆ ಹೆಣ ಕಟ್ಟಿದ್ದನ್ನು ಎಲ್ಲರೂ ಬಣ್ಣಿಸಿ ಹೇಳುತ್ತಾರೆ. ಆದರೆ ವ್ಯಾಸಭಾರತದ ವಿರಾಟಪರ್ವದಲ್ಲಿ ಅದಕ್ಕೂ ಮೊದಲು ಬರುವ ಎರಡು ವಿವರಗಳನ್ನು ಹೇಳುವವರು ಅಪರೂಪ. ಅರ್ಜುನನೂ ಅವನ ಸಹೋದರರೂ ತಂತಮ್ಮ ಬಿಲ್ಲಿನ ಹೆದೆಯನ್ನು ಇಳಿಸಿದರು. ನಕುಲ ಮರ ಹತ್ತಿ, ಮಳೆ ತಾಗದ ಜಾಗ ಹುಡುಕಿ ಬಿಲ್ಲುಗಳನ್ನು ಕಟ್ಟಿಟ್ಟ. ತಿಂಗಳುಗಟ್ಟಲೆ ಮುಟ್ಟದ ಬಿಲ್ಲಿಗೆ ಬೇಕಾದ ಆರೈಕೆ ಇದೇ. ಹೆದೆ ಏರಿಸಿಯೇ ಇಟ್ಟರೆ ಮರದ ಬಿಲ್ಲು ಬಾಗಿದಂತೆಯೇ ನಿಂತು ತನ್ನ ಸೆಟೆತ ಕಳೆದುಕೊಳ್ಳುತ್ತದೆ, ಹೆದೆಯೂ ಎಳೆದು ಎಳೆದು ಹಿಗ್ಗುತ್ತದೆ. ನರದಿಂದ ಮಾಡಿದ ಹೆದೆ ನೆನೆದರೆ ಸಡಿಲವಾಗುತ್ತದೆ, ನಾರಿನದು ತೇವದಲ್ಲೇ ಉಳಿದರೆ ಕೊಳೆಯುತ್ತದೆ. ಮುಂದೆ ಬೃಹನ್ನಳೆಯಾಗಿದ್ದ ಅರ್ಜುನ ಉತ್ತರಕುಮಾರನನ್ನು ಕರೆತಂದು, ಗಾಂಡೀವವನ್ನು ಇಳಿಸಿಕೊಂಡು, ಹೆದೆ ಏರಿಸಿ ಟೇಂಕಾರ ಮಾಡಿದ್ದು ನಿಮಗೆ ಗೊತ್ತೇ ಇದೆ. ಇಳಿಸಿಟ್ಟಿದ್ದರಿಂದಲೇ ಅದನ್ನು ಮತ್ತೆ ಏರಿಸುವ ಪ್ರಸಂಗ ಬಂತು.

ಇದು ಕಥೆ, ಕಥೆಯನ್ನು ಸಾಕ್ಷಿ ಎಂದು ಒಪ್ಪುವುದು ಹೇಗೆ ಎಂದು ನಿಮ್ಮಲ್ಲಿ ಚುರುಕಾದವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯುದ್ಧ ಹೀಗೇ ನಡೆಯಿತು ಎಂದು ಕಥೆ ಸಾಧಿಸಿ ತೋರಿಸಲಾರದು, ಆದರೆ ಅದನ್ನು ಹೇಳಿದವರಿಗೆ ಯಾವುದರ ಚಿಂತೆ ಇತ್ತು ಎಂಬುದನ್ನು ತೋರಿಸುತ್ತದೆ. ಶತಪಥ ಬ್ರಾಹ್ಮಣದಲ್ಲಿ ವಿಷ್ಣು ಏರಿಸಿದ ಬಿಲ್ಲಿನ ತುದಿಗೆ ತಲೆಯಾನಿಸಿ ನಿಂತಿರುತ್ತಾನೆ. ಗೆದ್ದಲುಗಳು ಹೆದೆಯನ್ನು ಕಡಿಯುತ್ತವೆ, ಬಿಲ್ಲು ರಭಸದಿಂದ ಸೆಟೆದು ಅವನ ತಲೆಯನ್ನೇ ಹಾರಿಸುತ್ತದೆ. ದೇವೀಭಾಗವತದಲ್ಲಿ ಇದೇ ಕಥೆ ಬೆಳೆದು, ಕುದುರೆಯ ತಲೆ ಜೋಡಿಸಿದ ಹಯಗ್ರೀವ ಹುಟ್ಟುತ್ತಾನೆ. ಹಬ್ಬದಲ್ಲಿ ನೀವು ತಿನ್ನುವ ಕಡಲೆಬೇಳೆಯ ಹಯಗ್ರೀವಕ್ಕೆ ಇರುವುದು ಅವನದೇ ಹೆಸರು. ಹುಳ ತಿಂದ ಹೆದೆ ಎಷ್ಟು ಅಪಾಯ ಎಂಬುದನ್ನು ಬಲ್ಲ ಜನರಿಗಷ್ಟೇ ಇಂಥ ಕಥೆ ಹೊಳೆಯಲು ಸಾಧ್ಯ.

ಕಥೆ ಬೇಡವೆಂದರೆ ಆಡಳಿತದ ಪುಸ್ತಕವೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಯಿತು ಎಂದುಕೊಂಡಿದ್ದಾಗ, ಅದರ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಅದರಲ್ಲಿ ಆಯುಧಾಗಾರದ ಅಧಿಕಾರಿಗೆ ಸ್ಪಷ್ಟ ಆಜ್ಞೆಯಿದೆ: ಆಯುಧಗಳ ಜಾಗವನ್ನು ಆಗಾಗ ಬದಲಾಯಿಸಬೇಕು, ಬಿಸಿಲು ಗಾಳಿ ಕಾಣಿಸಬೇಕು, ಕಾವು, ತೇವ, ಹುಳುಗಳಿಂದ ಕೆಡುತ್ತಿರುವುದನ್ನು ಬೇರೆ ರೀತಿಯಲ್ಲಿ ಇಡಬೇಕು. ಹೆದೆಗೆ ಬಳಸುವ ವಸ್ತುಗಳ ಪಟ್ಟಿಯೂ ಅಲ್ಲೇ ಇದೆ: ಮೂರ್ವಾ, ಎಕ್ಕ, ಸಣಬು, ಗವೇಧು ಎಂಬ ಹುಲ್ಲು, ಬಿದಿರು, ಪ್ರಾಣಿಗಳ ನರ. ರಥಸಪ್ತಮಿಯ ದಿನ ತಲೆ ಮೇಲೆ ಎಲೆಯಿಟ್ಟು ಸ್ನಾನ ಮಾಡಿಸುತ್ತಾರಲ್ಲ, ಅದೇ ಎಕ್ಕ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ತಾನಾಗಿ ಬೆಳೆಯುವ ಈ ಗಿಡದ ಕಾಂಡದ ತೊಗಟೆಯಲ್ಲಿ ಗಟ್ಟಿಯಾದ ನುಣುಪು ನಾರಿದೆ. ಮೂರ್ವಾ ಯಾವ ಗಿಡ ಎಂಬುದರಲ್ಲಿ ಪಂಡಿತರು ಒಮ್ಮತಕ್ಕೆ ಬಂದಿಲ್ಲ. ಹಲವರು ಹೇಳುವ ಗಿಡವು ನಿಮ್ಮ ಮನೆಯ ಕುಂಡದಲ್ಲಿ ಇರಬಹುದಾದ ಸ್ನೇಕ್ ಪ್ಲಾಂಟಿನ ಹತ್ತಿರದ ಬಂಧು.

ಈಗಿನ ಹೆದೆ ಪಾಲಿಯೆಸ್ಟರಿನದೋ ಡೈನೀಮಾ ಎಂಬ ಪ್ಲಾಸ್ಟಿಕ್ ನಾರಿನದೋ ಆಗಿರುತ್ತದೆ. ಗೆದ್ದಲು ತಿನ್ನುವುದಿಲ್ಲ, ಕೊಳೆಯುವುದಿಲ್ಲ, ಹಾಗಿದ್ದರೆ ಈ ಹಳೆಯ ಮಾತೆಲ್ಲ ಏಕೆ? ಇದೇ ಗಟ್ಟಿಯಾದ ಆಕ್ಷೇಪ. ನಾರು ಬದಲಾದರೂ ಅದನ್ನು ಕೆಡಿಸುವ ಕಾರಣಗಳೆಲ್ಲ ಹೋಗಿಲ್ಲ ಎಂಬುದು ಅದಕ್ಕೆ ಉತ್ತರ. ಹೆದೆ ಎಂದರೆ ಹಲವು ಎಳೆಗಳನ್ನು ಸೇರಿಸಿ ಹೊಸೆದದ್ದು. ಪ್ರತಿ ಬಾಣ ಬಿಟ್ಟಾಗಲೂ ಎಳೆಗಳು ಒಂದಕ್ಕೊಂದು ತಿಕ್ಕುತ್ತವೆ, ನಡುವೆ ಧೂಳು ಸೇರಿದರೆ ಇನ್ನೂ ಬೇಗ ಸವೆಯುತ್ತವೆ. ಡೈನೀಮಾ ನೀರು ಕುಡಿಯದಿದ್ದರೂ ಎಳೆಗಳ ಸಂದಿನಲ್ಲಿ ನೀರು ನಿಲ್ಲುತ್ತದೆ. ಹೆದೆ ಭಾರವಾದರೆ ಬಾಣದ ವೇಗ ತಗ್ಗಿ ಅದು ಗುರಿಗಿಂತ ಕೆಳಗೆ ಬೀಳುತ್ತದೆ. ಮೇಣ ಎಳೆಗಳನ್ನು ಒಟ್ಟಾಗಿ ಹಿಡಿದು, ತಿಕ್ಕಾಟ ತಗ್ಗಿಸಿ, ನೀರನ್ನು ಹೊರಗಿಡುತ್ತದೆ. ಹಿಂದಿನವರದು ಜೇನುಮೇಣ, ಇಂದಿನ ಅಂಗಡಿ ಮೇಣದಲ್ಲಿ ಸಿಲಿಕೋನ್ ಬೆರೆತಿರುವುದೂ ಉಂಟು.

ಕೆಲಸ ಕಷ್ಟದ್ದಲ್ಲ, ಆದರೆ ಕಣ್ಣಿಟ್ಟು ಮಾಡಬೇಕು. ಹೆದೆಯ ಮೇಲೆ ನವಿರು ಎದ್ದಿದ್ದರೆ, ಮುಟ್ಟಿದಾಗ ಒಣಗಿದಂತಿದ್ದರೆ ಮೇಣ ಬೇಕು ಎಂದರ್ಥ. ಮೇಣದ ಕಡ್ಡಿಯನ್ನು ಉದ್ದಕ್ಕೂ ಸವರಿ, ಬೆರಳುಗಳ ನಡುವೆ ಹಿಡಿದು ಬೇಗ ಬೇಗ ಉಜ್ಜಿ. ಆ ಕಾವಿಗೆ ಮೇಣ ಕರಗಿ ಒಳಗಿನ ಎಳೆಗಳಿಗೂ ಇಳಿಯುತ್ತದೆ. ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ. ಬಾಣ ಕೂರುವ ನಡುಭಾಗದಲ್ಲಿ ಹೆದೆಯ ಮೇಲೆ ಬೇರೆ ದಾರ ಬಿಗಿಯಾಗಿ ಸುತ್ತಿರುತ್ತದೆ, ಅಲ್ಲಿಗೆ ಮೇಣ ಹಚ್ಚಬೇಡಿ. ಕಾಂಪೌಂಡ್ ಬಿಲ್ಲಾದರೆ ಅದರ ಗಾಲಿಗಳಿಗೆ ಮೇಣ ಮೆತ್ತದಿರಲಿ. ಅದರ ಹೆದೆಯನ್ನು ಯಂತ್ರವಿಲ್ಲದೆ ಬಿಚ್ಚಬಾರದು.

ಹೆದೆಯ ಜೋಪಾನ ಕನ್ನಡಿಗರ ಸ್ವತ್ತೇನಲ್ಲ ಎನ್ನುವವರ ಮಾತು ನಿಜ. 1346ರ ಕ್ರೆಸಿ ಕದನದಲ್ಲಿ ಮಳೆ ಬಂದಾಗ ಇಂಗ್ಲಿಷ್ ಬಿಲ್ಲುಗಾರರು ಹೆದೆ ಬಿಚ್ಚಿ ತಲೆಯ ಮೇಲೆ, ಶಿರಸ್ತ್ರಾಣದ ಕೆಳಗೆ ಇಟ್ಟುಕೊಂಡರೆಂದು ಫ್ರಾನ್ಸಿನ ಜ್ಯಾನ್ ದ ವೆನೆಟ್ ಬರೆದಿದ್ದಾನೆ. ಬಿಲ್ಲು ಇದ್ದ ಕಡೆಯೆಲ್ಲ ಈ ಎಚ್ಚರ ಇದ್ದೀತು. ನಮ್ಮ ಹೆಚ್ಚುಗಾರಿಕೆ ಎಂದರೆ ಅದಕ್ಕಾಗಿ ಪಂಚಾಂಗದಲ್ಲಿ ಒಂದು ದಿನವನ್ನೇ ಇಟ್ಟದ್ದು, ಆ ದಿನ ಗ್ಯಾರೇಜಿನ ಹುಡುಗನ ಸ್ಪ್ಯಾನರಿಗೂ ಅರಮನೆಯ ಖಡ್ಗಕ್ಕೂ ಒಂದೇ ಕುಂಕುಮ ಇಟ್ಟದ್ದು. ಆದ್ದರಿಂದ ತಂದೆತಾಯಿಗಳಲ್ಲಿ ಒಂದು ವಿನಂತಿ: ಈ ಸಲ ನಮ್ಮ ಕನ್ನಡ ಕೂಟದ ದಸರಾದಲ್ಲಿ ಮಕ್ಕಳಿಗೆ ಕುಂಕುಮದ ಬಟ್ಟಲಿಗಿಂತ ಮೊದಲು ಒರೆಸುವ ಬಟ್ಟೆ ಕೊಡಿ. ಬಿಲ್ವಿದ್ಯೆ ಕಲಿಯುತ್ತಿರುವ ಮಕ್ಕಳೇ, ನೀವು ಹಿಂದಿನ ದಿನವೇ ನಿಮ್ಮ ತರಬೇತುದಾರರ ಜೊತೆ ಕುಳಿತು ಹೆದೆಯನ್ನು ತುದಿಯಿಂದ ತುದಿಗೆ ನೋಡಿ. ಒಂದು ಎಳೆ ಕಡಿದಿದ್ದರೂ ಮೇಣ ಅದನ್ನು ಕೂಡಿಸುವುದಿಲ್ಲ. ಹೊಸ ಹೆದೆ ಹಾಕಿಸಿಕೊಳ್ಳಿ.